ಸೊನ್ನೆ ದಾಟದ ಕುರಿಗಳು

ನನಗೆ ಕಾಯುವುದು ಬಾರದು. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬರುವಷ್ಟರಲ್ಲಿ ನಾಲ್ಕು ಸಲ ರಸ್ತೆಗಿಳಿದು ಇಣುಕಿ ನೋಡುವ ಜಾತಿ ನಾನು. ಇಂಥವನು ಐವತ್ತರ ವಯಸ್ಸಿನಲ್ಲಿ ಪಿಎಚ್‌ಡಿಗೆ ಸೇರಿದ್ದೇ ತಪ್ಪು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಮಾಡಿಕೊಂಡು ತೆಪ್ಪಗಿರಬಹುದಿತ್ತು. ಬಂಡೂರು ಕುರಿಯ ಎದೆಯ ಸುತ್ತಳತೆ ಹಿಡಿದರೆ ಸಾಕು, ತಕ್ಕಡಿಯೇ ಬೇಡ, ತೂಕ ಹೇಳಿಬಿಡಬಹುದು ಎಂದು ಸಾಧಿಸಲು ಹೊರಟೆ. ಗಡುವು ಎರಡು ಸಲ ಮುಂದಕ್ಕೆ ಹೋಗಿತ್ತು. ಬರುವ ಸೋಮವಾರ ಮಾರ್ಗದರ್ಶಕರಿಗೆ ಫಲಿತಾಂಶ ತೋರಿಸದಿದ್ದರೆ ನನ್ನ ನೋಂದಣಿಯೇ ರದ್ದು.

ಶುಕ್ರವಾರ ರಜೆ ಹಾಕಿ, ಅಳತೆಗಳನ್ನೆಲ್ಲ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರಿಗೆ ತುಂಬಿ ಬಟನ್ ಒತ್ತಿದೆ. ಸುತ್ತಳತೆಗೂ ತೂಕಕ್ಕೂ ಎಷ್ಟು ನಂಟು ಎಂದು ಅದು ಒಂದು ಸಂಖ್ಯೆ ಹೇಳುತ್ತದೆ. ಹೇಳಿ ಸುಮ್ಮನಾಗುವುದಿಲ್ಲ, ನಿಜವಾದ ನಂಟು ಇಷ್ಟರಿಂದ ಇಷ್ಟರೊಳಗೆ ಇದ್ದೀತು ಎಂದು ಎರಡು ವಿಶ್ವಾಸ ಮಿತಿಗಳನ್ನೂ ಕೊಡುತ್ತದೆ. ನನ್ನ ಕೆಳಮಿತಿ ಸೊನ್ನೆಯ ಕೆಳಗಿತ್ತು, ಮೇಲ್ಮಿತಿ ಸೊನ್ನೆಯ ಮೇಲಿತ್ತು. ಅಂದರೆ ನಂಟು ಇರಬಹುದು, ಇಲ್ಲದಿರಬಹುದು, ತಿರುಗಾಮುರುಗಾ ಕೂಡ ಇರಬಹುದು. ಇಷ್ಟು ಹೇಳುವುದಕ್ಕೆ ನಾಲ್ಕು ವರ್ಷ ಬೇಕಿತ್ತೆ? ಎದ್ದೆ, ಕೂತೆ, ನೀರು ಕುಡಿದೆ, ಮತ್ತೆ ಒತ್ತಿದೆ. ಶೇಕಡಾ ತೊಂಬತ್ತೈದರ ವಿಶ್ವಾಸವನ್ನು ತೊಂಬತ್ತಕ್ಕೆ, ಎಂಬತ್ತಕ್ಕೆ ಇಳಿಸಿ ನೋಡಿದೆ. ಮಿತಿಗಳು ಹತ್ತಿರ ಬಂದವು, ಸೊನ್ನೆ ಮಾತ್ರ ನಡುವಿನಿಂದ ಕದಲಲಿಲ್ಲ. ಹನ್ನೊಂದನೆಯ ಸಲ ಒತ್ತುವಾಗ ಹೆಂಡತಿ ಅಡುಗೆಮನೆಯಿಂದಲೇ, "ಒತ್ತಿದ್ದೇ ಒತ್ತಿದ್ರೆ ಅದೇನು ಮನ್ಸು ಬದ್ಲಾಯಿಸ್ತದಾ? ಕುರಿಗಳ್ನೇ ಓಗಿ ಕೇಳಿ, ಓಗಿ" ಎಂದಳು.

ಬಸ್ಸಿಗೆ ಕಾಯದೆ ಸ್ಕೂಟರಿನಲ್ಲೇ ಬಂಡೂರಿಗೆ ಹೋದೆ. ಇಷ್ಟು ದಿನ ನನಗೆ ಕುರಿ ಹಿಡಿದುಕೊಟ್ಟಿದ್ದ ಸಣ್ಣಮ್ಮ ಕೊಟ್ಟಿಗೆ ಗುಡಿಸುತ್ತಿದ್ದರು. ಹಿಂದೆ, ಬಿದಿರು ತಟ್ಟಿಯಾಚೆ, ನಾನೆಂದೂ ಕಾಣದ ಎಂಟು ಹತ್ತು ಕುರಿಗಳು! ಕೆಲವು ಬಡಕಲು, ಕೆಲವು ಎಳಸು.

"ಇವನ್ನ ಯಾಕಮ್ಮ ಅಳೆಯಕ್ಕೆ ತರಲಿಲ್ಲ?"

"ಅಯ್ಯೋ, ಚೆನ್ನಾಗಿ ಏಳ್ತೀರಾ ಮೇಷ್ಟ್ರೇ! ಬಡುಕ್ಲನೆಲ್ಲ ನಿಮ್ಮುಂದೆ ನಿಲ್ಸಿ, ಬಂಡೂರು ಕುರಿ ಇಷ್ಟೇಯಾ ಅಂತ ನೀವು ಬುಕ್ನಲ್ಲಿ ಬರ್ಕಂಡು ಓಗಾದಾ? ಊರ್ನೋರೆಲ್ಲ ಮಾತಾಡ್ಕಂಡೇ ಒಂದೇ ಸಮ ಮೈ ತುಂಬ್ಕಂಡಿರೋವು ನೋಡಿ ತಂದಿದ್ದು ಕಣಪ್ಪ."

ಅಳೆದ ಕುರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವಾದರೆ, ದಪ್ಪಗಿದ್ದುದಕ್ಕೆ ತೂಕ ಹೆಚ್ಚು, ಸಣ್ಣಗಿದ್ದುದಕ್ಕೆ ಕಡಿಮೆ ಎಂದು ಸಾಫ್ಟ್‌ವೇರಿಗೆ ಗೊತ್ತಾಗುವುದಾದರೂ ಹೇಗೆ? ನಾಲ್ಕು ವರ್ಷ ಒಂದೊಂದು ಕುರಿಯೂ ಮದುವಣಗಿತ್ತಿಯಂತೆ ಬಂದು ನಿಂತಾಗ ಎಂಥ ತಳಿ ಎಂದು ಹಿಗ್ಗಿದ್ದೆನೇ ಹೊರತು, ಪಾಪಿ ನಾನು, ಒಂದು ದಿನವೂ ಅನುಮಾನಪಡಲಿಲ್ಲ. ವಿಪರೀತ ಸಿಟ್ಟು ಬಂತು, ಸಣ್ಣಮ್ಮನ ಮೇಲಲ್ಲ.

ಶನಿವಾರ, ಭಾನುವಾರ ಟೇಪು ಹಿಡಿದು ಮನೆಮನೆ ತಿರುಗಿದೆ. ಹಿತ್ತಲಲ್ಲಿ ಅಡಗಿದ್ದ ಕುರಿಗಳನ್ನೆಲ್ಲ ಅಳೆದು, ತೂಗಿ, ಹಳೆಯ ಅಳತೆಗಳ ಜೊತೆ ಸೇರಿಸಿ ಒತ್ತಿದೆ. ಎರಡೂ ಮಿತಿಗಳು ಸೊನ್ನೆ ದಾಟಿ ಮೇಲೆ ನಿಂತವು. ಕುಣಿಯುವುದೊಂದು ಬಾಕಿ.

ಸೋಮವಾರ ಮಾರ್ಗದರ್ಶಕರು ಕನ್ನಡಕ ಏರಿಸಿ ನೋಡಿ, "ತುಂಬಾ ಚೆನ್ನಾಗಿದೆ. ಮೊದಲ ಸಲ ಏನು ಬಂದಿತ್ತು? ಅದನ್ನೂ ತೋರಿಸಿ" ಎಂದರು.

ಆ ಹಾಳೆ ಬ್ಯಾಗಿನಲ್ಲೇ ಇತ್ತು. ಕೈ ಅತ್ತ ಹೋಯಿತು, ಅಲ್ಲೇ ನಿಂತಿತು.

"ಅದು ಅಷ್ಟು ಲಕ್ಷಣವಾಗಿರಲಿಲ್ಲ ಸಾರ್," ಎಂದೆ, "ಮನೆಯಲ್ಲೇ ಬಿಟ್ಟು ಬಂದೆ."