ಗ್ರಾಫಿಕ್ಸ್ ಕಾರ್ಡು ಮತ್ತು ಗೋದಾಮು ಓಣಿಯ ನೀರು

ನಗರ ನೀರು ಮತ್ತು ಚರಂಡಿ ಇಲಾಖೆಯ ನಕ್ಷೆ ಶಾಖೆಯಲ್ಲಿ ಕಂಪ್ಯೂಟರೊಂದಿದ್ದು, ಅದು ಸುಸ್ಥಿತಿಯಲ್ಲಿರುತ್ತದೆ. ಆನ್ ಮಾಡಿದರೆ ಆನ್ ಆಗುತ್ತದೆ. ಆಫ್ ಮಾಡಿದರೆ ಸ್ವಲ್ಪ ಹೊತ್ತು ಯೋಚಿಸಿ ಆಫ್ ಆಗುತ್ತದೆ. ಇಲಾಖೆಯ ನಿಯಮಗಳಲ್ಲಿ ಸುಸ್ಥಿತಿ ಎಂದರೆ ಇಷ್ಟೇ.

ಈ ಕಂಪ್ಯೂಟರಿಗೆ ಹೊಸದೊಂದು ನಕ್ಷೆಯ ಸಾಫ್ಟ್‌ವೇರು ಬಂದು ಸೇರಿತು. ಊರಿನ ನೆಲದ ಕೆಳಗಿರುವ ಕುಡಿಯುವ ನೀರಿನ ಕೊಳವೆಗಳನ್ನು ನೀಲಿಯಲ್ಲೂ ಚರಂಡಿ ಕೊಳವೆಗಳನ್ನು ಕಂದು ಬಣ್ಣದಲ್ಲೂ ತೋರಿಸುವುದು ಅದರ ಕೆಲಸ. ಆದರೆ ಪ್ರತಿದಿನ ಬೆಳಿಗ್ಗೆ ತೆರೆದ ಕೂಡಲೇ ಅದು, "ಈ ಯಂತ್ರಕ್ಕೆ ಬಣ್ಣ ತೋರಿಸುವ ಶಕ್ತಿ ಸಾಲದು, ಸರಳ ರೂಪದಲ್ಲಿ ತೋರಿಸಲಾಗುವುದು" ಎಂದು ಹೇಳಿ ಎಲ್ಲ ಕೊಳವೆಗಳನ್ನೂ ಒಂದೇ ಬೂದು ಬಣ್ಣದಲ್ಲಿ ತೋರಿಸಿ ಕೈತೊಳೆದುಕೊಳ್ಳುತ್ತಿತ್ತು. ಹಳೆಯ ಕಾಗದದ ನಕ್ಷೆಗಳಲ್ಲಿ ಬಣ್ಣವಿತ್ತು ನಿಜ. ಕಂಪ್ಯೂಟರ್ ಬಂದ ಸಂಭ್ರಮದಲ್ಲಿ ಅವನ್ನು ರದ್ದಿಗೆ ಹಾಕಲಾಗಿತ್ತು.

ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಹೆಂಗಸನ್ನು ಆಫೀಸಿನಲ್ಲಿ ನಕ್ಷೆ ಮೇಡಂ ಎನ್ನುತ್ತಿದ್ದರು. ಮೇಡಂ ಎಂಬುದು ಬಾಯಿಮಾತಿನ ಗೌರವ, ಕೆಲಸ ಮಾತ್ರ ಹಂಗಾಮಿ. ಅವಳ ಮನೆ ಗೋದಾಮು ಓಣಿಯಲ್ಲಿತ್ತು. ಆ ಓಣಿಯ ನಲ್ಲಿಗಳಲ್ಲಿ ನೀರು ಸಣ್ಣಗೆ ಬರುತ್ತದೆಂದು, ರಸ್ತೆ ಅಗೆದು ದೊಡ್ಡ ಕೊಳವೆಗೆ ಹೊಸ ಜೋಡಣೆ ಕೊಡಬೇಕೆಂದು ಮಂಜೂರಾಯಿತು. ಅಲ್ಲಿ ಎರಡು ಕೊಳವೆಗಳು ಅಕ್ಕಪಕ್ಕದಲ್ಲೇ ಮಲಗಿದ್ದವು. ಒಂದು ನೀರಿನದು, ಒಂದು ಚರಂಡಿಯದು. ಯಾವುದು ಯಾವುದೆಂದು ನಕ್ಷೆ ನೋಡಿ ಗುರುತು ಹಾಕಬೇಕಾದವಳು ಅವಳೇ.

"ಏನೇ, ನಮ್ಮ ಓಣೀಲಿ ಅಗೀತಾರಂತೆ?" ಎಂದು ಅತ್ತೆ ಕೇಳಿದರು.

"ಹೂಂ ಅತ್ತೆ."

"ಎಲ್ಲಿ ಅಗೀಬೇಕು ಅಂತ ಹೇಳೋರು ಯಾರು?"

"ನಾನೇ."

"ಹಾಗಾದ್ರೆ ಸರಿ ಬಿಡು. ನಮ್ಮ ಹುಡುಗೀನೇ ಇದಾಳೆ, ಹೆದರ್ಬೇಡಿ ಅಂತ ಎಲ್ಲರಿಗೂ ಹೇಳಿ ಬರ್ತೀನಿ."

ಅತ್ತೆ ಹೇಳಿದ್ದನ್ನು ಮಾಡುವವರು. ಅಂದು ಓಣಿಯವರೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡಿದರು. ಸೊಸೆಗೆ ಮಾತ್ರ ಕಣ್ಣು ಮುಚ್ಚಿದರೆ ಎರಡು ಬೂದು ಗೆರೆಗಳು ಕಾಣುತ್ತಿದ್ದವು.

ಅವಳು ಗ್ರಾಫಿಕ್ಸ್ ಕಾರ್ಡು ಬೇಕೆಂದು ಬರೆದು ಕೊಟ್ಟಳು. ದೊಡ್ಡ ಸಾಹೇಬರು ಅದನ್ನು ಓದಿ, "ನಮ್ಮಲ್ಲಿ ಆಗಲೇ ಗುರುತಿನ ಕಾರ್ಡ್ ಇದೆಯಲ್ಲ, ಇದು ಯಾಕೆ?" ಎಂದು ಕೇಳಿದರು. ಬಣ್ಣ ಬರುತ್ತದೆ ಎಂದಾಗ ಅವರ ಮುಖ ಅರಳಿತು. ಮುಂದಿನ ವರದಿಯಲ್ಲಿ 'ವರ್ಣಮಯ' ಎಂಬ ಪದ ಸೇರಿಸಬಹುದಲ್ಲ ಎಂದು ಸಂತೋಷಪಟ್ಟು ಸಹಿ ಹಾಕಿದರು.

ಕಾರ್ಡು ಬಂತು. ಎರಡು ಪುಟ್ಟ ಫ್ಯಾನು, ಅಂಚಿಗೆ ಮಿಣಮಿಣ ಕೆಂಪು ದೀಪ. ಅಳವಡಿಕೆಯ ದಿನ ಇಡೀ ಆಫೀಸೇ ನಕ್ಷೆ ಶಾಖೆಗೆ ಬಂದು ನಿಂತಿತು. ರಿಪೇರಿಯವನು ಸ್ಕ್ರೂ ಬಿಚ್ಚಿ ಡಬ್ಬದ ಪಕ್ಕದ ತಗಡು ತೆಗೆದಾಗ ಒಳಗಿದ್ದ ಧೂಳು ನೋಡಿ ಹಳಬರು ಭಾವುಕರಾದರು. ಕಾರ್ಡು ಉದ್ದ, ಡಬ್ಬ ಗಿಡ್ಡ. ಸಿ.ಡಿ. ಡ್ರೈವು ತೆಗೆದರೆ ಜಾಗವಾಗುತ್ತದೆ ಎಂದ. ಅದನ್ನು ತೆಗೆದು ಮೇಜಿನ ಮೇಲಿಟ್ಟು, ಅದು ಕಂಪ್ಯೂಟರಿನ ಒಳಗೇ ಇದೆ ಎಂಬ ಚೀಟಿಯನ್ನು ಅದರ ಮೇಲೆ ಅಂಟಿಸಲಾಯಿತು. ಹಳೆಯ ಪವರ್ ಸಪ್ಲೈ ಕಾರ್ಡಿನ ಹಸಿವನ್ನು ತಾಳದು ಎಂದು ಅದನ್ನೂ ಬದಲಾಯಿಸಿದ್ದಾಯಿತು. ಕೊನೆಗೆ ಕಾರ್ಡು ಟಕ್ಕೆಂದು ತನ್ನ ಜಾಗದಲ್ಲಿ ಕೂತಿತು.

ಆನ್ ಮಾಡಿದರು. ಫ್ಯಾನು ತಿರುಗಿತು, ದೀಪ ಮಿನುಗಿತು. ಪರದೆ ಮಾತ್ರ ಕಪ್ಪಗೇ ಇತ್ತು.

"ಕಪ್ಪೂ ಒಂದು ಬಣ್ಣವೇ," ಎಂದರು ದೊಡ್ಡ ಸಾಹೇಬರು. ಆದರೂ ವಿಚಾರಿಸಿ ಎಂದರು.

ರಿಪೇರಿಯವನು ಹಿಂದೆ ಬಗ್ಗಿ ನೋಡಿದ. "ಏನಿಲ್ಲ ಸಾರ್. ಈಗ ಚಿತ್ರ ಬರೋದು ಹೊಸ ಕಾರ್ಡಿನ ಸಾಕೆಟ್ಟಿಂದ. ಮಾನಿಟರ್ ಕೇಬಲ್ ಇನ್ನೂ ಹಳೇ ಸಾಕೆಟ್ಟಲ್ಲೇ ಇದೆ. ಇಲ್ಲಿಂದ ಕಿತ್ತು ಅಲ್ಲಿಗೆ ಚುಚ್ಚಿದ್ರೆ ಮುಗೀತು."

"ಮುದ್ರೆ ಇದೆ," ಎಂದರು ಮುದ್ರೆ ಮಾಮ.

ಮುದ್ರೆ ಮಾಮ ಅಂದರೆ ಉಗ್ರಾಣದ ಮೇಲ್ವಿಚಾರಕರು. ಹಿಂದೊಮ್ಮೆ ಆಫೀಸಿನಿಂದ ಒಂದು ಮಾನಿಟರ್ ಕೇಬಲ್ ಕಳುವಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಹಾಗೆ ಅವರು ಅಂದಿನಿಂದ ಪ್ರತಿ ಮಾನಿಟರ್ ಕೇಬಲನ್ನೂ ಅದು ಎಲ್ಲಿ ಚುಚ್ಚಿಕೊಂಡಿತ್ತೋ ಅಲ್ಲೇ ಅರಗು ಕರಗಿಸಿ ಸುರಿದು, ಇಲಾಖೆಯ ಮುದ್ರೆ ಒತ್ತಿ ಬಂದೋಬಸ್ತು ಮಾಡಿದ್ದರು. ಮುದ್ರೆ ಒಡೆದವರಿಗೆ ಕೆಲಸವಿಲ್ಲ ಎಂಬುದು ನಿಯಮ.

"ಒಡೆದ್ರೆ ಏನಾಗುತ್ತೆ?" ಎಂದ ರಿಪೇರಿಯವನು.

"ಒಡೆದ್ರೆ ಅದು ಒಡೆದ ಮುದ್ರೆ ಆಗುತ್ತೆ."

"ನೀವೇ ಮತ್ತೆ ಹಾಕಿ ಮಾಮ," ಎಂದಳು ನಕ್ಷೆ ಮೇಡಂ.

"ಹಾಕಬಹುದಮ್ಮ. ಹೊಸ ಮುದ್ರೆ ಹಾಕೋಕೆ, ಹಳೇದು ಒಡೆದಿಲ್ಲ ಅಂತ ಬರೆದುಕೊಡಬೇಕು."

ಅಲ್ಲಿದ್ದವರೆಲ್ಲ ಹೌದಲ್ಲವೇ ಎಂದು ತಲೆದೂಗಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಗಟ್ಟಿಯಾಗಿ ಅನ್ನಲಿಲ್ಲ, ಹಂಗಾಮಿ ನೌಕರರು ಗಾದೆ ಹೇಳುವ ಹಾಗಿಲ್ಲ.

ದೊಡ್ಡ ಸಾಹೇಬರು ತೀರ್ಪು ಕೊಟ್ಟರು. "ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮುದ್ರೆ ಮುಟ್ಟದೆ ಚಿತ್ರ ಬರಿಸಪ್ಪ."

ರಿಪೇರಿಯವನಿಗೆ ಬೇಕಾಗಿದ್ದದ್ದು ಕೆಲಸ ಮುಗಿಯಿತೆಂಬ ಒಂದು ಸಹಿ. ಅವನು ಕಾರ್ಡು ಕಿತ್ತ, ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಹಳೆಯ ಸಾಕೆಟ್ಟಿನಿಂದಲೂ ಚಿತ್ರ ಬರಲಿ ಎಂದು ಬದಲಾಯಿಸಿದ, ಕಾರ್ಡನ್ನು ಮತ್ತೆ ಕೂರಿಸಿದ. ಪರದೆ ಬೆಳಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಅಲ್ಲಪ್ಪ, ಹಾಗಾದ್ರೆ ಈ ಕಾರ್ಡಿಗೆ ಈಗ ಏನು ಕೆಲಸ?" ಎಂದು ಅವಳು ಮೆಲ್ಲಗೆ ಕೇಳಿದಳು.

"ತಿರುಗ್ತಾ ಇರುತ್ತೆ ಮೇಡಂ," ಎಂದು ಅವನು ಚೀಲ ಹೆಗಲಿಗೇರಿಸಿದ.

ದೊಡ್ಡ ಸಾಹೇಬರು ಪರದೆಯ ಹತ್ತಿರ ಹೋಗಿ, ದೂರ ಬಂದು, ಕನ್ನಡಕ ಒರೆಸಿ ನೋಡಿದರು. "ಆಹಾ, ಎಂಥ ಬಣ್ಣ!" ಎಂದರು. ಗುಮಾಸ್ತರಿಗೆ ನೀಲಿ ಕಂಡಿತು. ಟೈಪಿಸ್ಟಿಗೆ ನೀಲಿಯ ಜೊತೆ ಸ್ವಲ್ಪ ಹಸಿರೂ ಕಂಡಿತು. ಮುದ್ರೆ ಮಾಮ ಪರದೆಯ ಕಡೆ ನೋಡಲೇ ಇಲ್ಲ, ಆದರೂ ತೃಪ್ತಿ ವ್ಯಕ್ತಪಡಿಸಿದರು.

"ಸಾರ್, ಮೊದಲಿನ ಹಾಗೇ ಬೂದು ಇದೆ," ಎಂದಳು ನಕ್ಷೆ ಮೇಡಂ.

ಆಗ ಸಾಹೇಬರು ಬಹಳ ಕರುಣೆಯಿಂದ ಅವಳನ್ನು ಕಣ್ಣಿನ ಡಾಕ್ಟರ ಬಳಿ ಕಳಿಸಿದರು. ಡಾಕ್ಟರು ಅವಳ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಏನೂ ತೊಂದರೆಯಿಲ್ಲ ಎಂದು ಬರೆದುಕೊಟ್ಟರು. ಮರುದಿನ ಆಫೀಸಿನ ಬಾಗಿಲಿಗೆ ಸುತ್ತೋಲೆ ಬಿತ್ತು:

"ಗ್ರಾಫಿಕ್ಸ್ ಕಾರ್ಡಿನ ಅಳವಡಿಕೆ ಯಶಸ್ವಿಯಾಗಿರುತ್ತದೆ. ಸಂಬಂಧಪಟ್ಟ ನೌಕರರ ಕಣ್ಣುಗಳು ಸರಿಯಿರುವುದಾಗಿ ವೈದ್ಯರು ದೃಢಪಡಿಸಿರುವುದರಿಂದ, ಅವರಿಗೂ ಬಣ್ಣ ಕಾಣುತ್ತಿರುವುದಾಗಿ ಭಾವಿಸತಕ್ಕದ್ದು."

ಬಣ್ಣ ಕಂಡ ಮೇಲೆ ಗುರುತು ಹಾಕಲು ತಡವೇಕೆ? ಗೋದಾಮು ಓಣಿಯ ಎರಡು ಗೆರೆಗಳಲ್ಲಿ ಬಲಗಡೆಯದು ನೀರಿನದಿರಬೇಕೆಂದು ಸಾಹೇಬರೇ ಬೆರಳಿಟ್ಟು ತೋರಿಸಿದರು. "ಶುಭ ಕೆಲಸ ಬಲಗಡೆಯಿಂದಲೇ," ಎಂದರು. ಅಗೆಯುವವರು ಮರುದಿನ ಬರುವುದೆಂದು ನಿಗದಿಯಾಯಿತು.

ಅಂದು ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದರು. ನಕ್ಷೆ ಮೇಡಂ ಒಬ್ಬಳೇ ಬುತ್ತಿ ಬಿಚ್ಚದೆ ಕೂತಿದ್ದಳು. ಡಬ್ಬದೊಳಗೆ ಕಾರ್ಡು ಗುಂಯ್ ಎಂದು ತಿರುಗುತ್ತಿತ್ತು. ಹಿಂದೆ, ಗೇಣು ದೂರದಲ್ಲಿ, ಅದರ ಸಾಕೆಟ್ಟು ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಅತ್ತೆ ಓಣಿಯ ಮನೆಮನೆಗೆ ಹೋಗಿ ಹೇಳಿ ಬಂದ ಮಾತು ಅವಳ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಧೈರ್ಯ ಅವಳದಲ್ಲ. ಆದರೂ ಕೈ ತಾನಾಗಿಯೇ ಕತ್ತರಿಗೆ ಹೋಯಿತು. ಕತ್ತರಿಯ ಹಿಡಿಯಿಂದ ಒಂದು ಏಟು ಹಾಕಿದಳು. ಅರಗು ಹಪ್ಪಳದ ಹಾಗೆ ಮುರಿಯಿತು.

ಕೇಬಲ್ ಕಿತ್ತು, ಹೊಸ ಸಾಕೆಟ್ಟಿಗೆ ಚುಚ್ಚಿ, ಕಂಪ್ಯೂಟರನ್ನು ಮತ್ತೊಮ್ಮೆ ಆನ್ ಮಾಡಿದಳು. ನಕ್ಷೆ ತೆರೆಯಿತು. ಊರಿನ ತುಂಬ ನೀಲಿ ಗೆರೆ, ಕಂದು ಗೆರೆ, ಒಂದನ್ನೊಂದು ದಾಟಿ, ತಪ್ಪಿಸಿ, ಜೊತೆಯಾಗಿ ಓಡುತ್ತಿದ್ದವು. ಅವಳಿಗೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಆಮೇಲೆ ಗೋದಾಮು ಓಣಿಯನ್ನು ದೊಡ್ಡದು ಮಾಡಿ ನೋಡಿದಳು. ಸಾಹೇಬರು ಬೆರಳಿಟ್ಟಿದ್ದ ಬಲಗಡೆಯ ಗೆರೆ ಕಂದು.

ಊಟ ಮುಗಿಸಿ ಬಂದ ದೊಡ್ಡ ಸಾಹೇಬರನ್ನು ಬಾಗಿಲಲ್ಲೇ ತಡೆದು ಕರೆತಂದಳು. ಹಿಂದೆಯೇ ಮುದ್ರೆ ಮಾಮ ಬಂದರು. ಇಬ್ಬರೂ ಪರದೆ ನೋಡಿ ಬೆವರಿದರು.

"ಇದೇನಿದು, ಬಣ್ಣ?" ಎಂದರು ಸಾಹೇಬರು.

"ಇದೇ ಸಾರ್ ನಿಜವಾದ ನಕ್ಷೆ. ನಾಳೆ ಅಗೆಯೋದು ಚರಂಡಿ ಕೊಳವೇನ. ಅದಕ್ಕೆ ನಲ್ಲಿ ಜೋಡಿಸಿಬಿಡ್ತಾರೆ. ನಿಲ್ಲಿಸಿ ಸಾರ್!"

ಸಾಹೇಬರು ಕುರ್ಚಿಯಲ್ಲಿ ಕುಸಿದರು. "ನೋಡಮ್ಮ, ನಾವು ಊರೆಲ್ಲ ಬೂದು ನಕ್ಷೆ ಹಿಡಿದೇ ಅಗೆದಿದ್ದೀವಿ. ಈಗ ಬಣ್ಣ ಬಂತು ಅಂದ್ರೆ, ಇಷ್ಟು ದಿನ ಅಗೆದದ್ದರ ಗತಿ ಏನು ಅಂತ ಕೇಳ್ತಾರೆ. ಅಳವಡಿಕೆ ಆಗಲೇ ಯಶಸ್ವಿ ಆಗಿದೆ. ಒಂದು ಸಲ ಯಶಸ್ವಿ ಆದದ್ದು ಇನ್ನೊಂದು ಸಲ ಯಶಸ್ವಿ ಆಗೋಕೆ ಅವಕಾಶವೇ ಇಲ್ಲ."

"ಮುದ್ರೆ," ಎಂದು ಅವಳು ತಾನಾಗಿಯೇ ಒಪ್ಪಿಕೊಂಡಳು, "ನಾನೇ ಒಡೆದೆ."

"ಛೆ ಛೆ," ಎಂದರು ಮುದ್ರೆ ಮಾಮ. ಅವರಿಗೂ ಭಯವಿತ್ತು, ಮುದ್ರೆ ಒಡೆಯಿತೆಂದರೆ ಅದನ್ನು ಕಾಯಬೇಕಾದವರು ಯಾರು ಎಂಬ ಪ್ರಶ್ನೆ ಬರುತ್ತದೆ. "ಈ ಆಫೀಸಿನಲ್ಲಿ ಮುದ್ರೆ ಒಡೆಯೋದಿಲ್ಲ. ಮುದ್ರೆ ಒಡೆಯದೆ ಬಣ್ಣ ಕಾಣೋದಿಲ್ಲ. ಆದ್ದರಿಂದ ನೀನು ಬಣ್ಣ ನೋಡಿಲ್ಲ. ನಾವೂ ನೋಡಿಲ್ಲ."

"ಮಾಮ, ನಮ್ಮ ಅತ್ತೆ ಅದೇ ನೀರು ಕುಡಿಯೋದು!"

"ನಿಮ್ಮ ಕೆಲಸ ಖಾಯಂ ಆಗೋ ಕಾಗದ ನನ್ನ ಮೇಜಿನ ಮೇಲೇ ಇದೆ," ಎಂದರು ಸಾಹೇಬರು, ಗೋಡೆ ನೋಡುತ್ತ. "ಮುದ್ರೆ ಒಡೆದವರಿಗೆ ಕೆಲಸವಿಲ್ಲ. ಒಡೆಯದವರಿಗೆ ಖಾಯಂ ಕೆಲಸ. ನೀವೇ ಹೇಳಿ, ಒಡೆದಿದೆಯಾ?"

ಅವಳು ಪರದೆ ನೋಡಿದಳು. ನೀಲಿ ಗೆರೆ ಅವಳ ಮನೆಯ ಬಾಗಿಲವರೆಗೂ ಬಂದು ನಿಂತಿತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಇಲ್ಲ ಸಾರ್," ಎಂದಳು.

ಮುದ್ರೆ ಮಾಮ ತಾವೇ ಕೇಬಲನ್ನು ಹಳೆಯ ಜಾಗಕ್ಕೆ ಚುಚ್ಚಿ ಅರಗು ಕರಗಿಸಿದರು. ಕಂಪ್ಯೂಟರು ಮತ್ತೆ ಆನ್ ಆದಾಗ ಊರು ಎಂದಿನಂತೆ ಬೂದಾಗಿ, ಶಾಂತವಾಗಿ ಕಂಡಿತು.

ಮರುದಿನ ಗೋದಾಮು ಓಣಿಯಲ್ಲಿ ಬಲಗಡೆಯ ಕೊಳವೆಗೆ ಜೋಡಣೆ ಕೊಟ್ಟರು. ನಲ್ಲಿಯಲ್ಲಿ ನೀರು ಮೊದಲಿಗಿಂತ ಜೋರಾಗಿ ಬಂತು. ಬಂದ ನೀರು ಚಹಾದ ಬಣ್ಣದ್ದು, ವಾಸನೆ ಮಾತ್ರ ಚಹಾದ್ದಲ್ಲ. ಓಣಿಯವರು ಕೊಡಗಳನ್ನು ಹೊತ್ತು ಪಕ್ಕದ ಬೀದಿಗೆ ನಡೆದರು. ದೂರುಗಳು ಬಂದವು. ಸಾಹೇಬರು ಖುದ್ದಾಗಿ ಬಂದು, ಮೂಗಿಗೆ ಕರವಸ್ತ್ರ ಹಿಡಿದು ಪರಿಶೀಲಿಸಿದಾಗ ಒಂದು ಮಹತ್ವದ ಸಂಗತಿ ಬೆಳಕಿಗೆ ಬಂತು. ನಕ್ಷೆಯಲ್ಲಿ ನೀರಿಗೂ ಚರಂಡಿಗೂ ವ್ಯತ್ಯಾಸವಿಲ್ಲ. ಈಗ ನೆಲದಲ್ಲೂ ವ್ಯತ್ಯಾಸವಿಲ್ಲ. ಇಲಾಖೆಯ ಇತಿಹಾಸದಲ್ಲಿ ನಕ್ಷೆಯೂ ನೆಲವೂ ಹೀಗೆ ಅಕ್ಷರಶಃ ಹೊಂದಿಕೊಂಡಿದ್ದು ಇದೇ ಮೊದಲು. ಕೂಡಲೇ ಪ್ರಕಟಣೆ ಹೊರಟಿತು:

"ಗೋದಾಮು ಓಣಿಯನ್ನು ಮಾದರಿ ಓಣಿ ಎಂದು ಘೋಷಿಸಲಾಗಿದೆ. ನಿವಾಸಿಗಳು ಸಮಾರಂಭಕ್ಕೆ ಸಂತೋಷದಿಂದ ಹಾಜರಿರತಕ್ಕದ್ದು."

ಸಮಾರಂಭಕ್ಕೆ ಶಾಮಿಯಾನ ಹಾಕಿದರು. ನಲ್ಲಿಗೆ ರಿಬ್ಬನ್ ಕಟ್ಟಿದರು. ಸಾಹೇಬರು ಭಾಷಣ ಮಾಡಿ, ರಿಬ್ಬನ್ ಕತ್ತರಿಸಿ, ಗಾಜಿನ ಲೋಟವೊಂದನ್ನು ನಲ್ಲಿಗೆ ಹಿಡಿದು ತುಂಬಿಸಿದರು. ಮೊದಲ ಲೋಟ ಮುಖ್ಯ ಅತಿಥಿಯಾದ ಅವರೇ ಕುಡಿಯಬೇಕೆಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿಬಿಟ್ಟಿತ್ತು. ಓಣಿಯ ಜನ ಮಿಸುಕದೆ ನೋಡುತ್ತಿದ್ದರು. ಸಾಹೇಬರು ಲೋಟ ನೋಡಿದರು, ಜನರನ್ನು ನೋಡಿದರು, ಆಮೇಲೆ ವಿನಯದಿಂದ ನಕ್ಕರು.

"ಈ ಗೌರವ ನನ್ನದಲ್ಲ. ನಕ್ಷೆ ಮಾಡಿದವರು, ಇದೇ ಓಣಿಯ ಮಗಳಂಥ ಸೊಸೆ. ಇವತ್ತಿಂದ ಇಲಾಖೆಯ ಖಾಯಂ ನೌಕರರು. ಬನ್ನಿ ಮೇಡಂ."

ಅವಳ ಒಂದು ಕೈಗೆ ಆದೇಶದ ಕಾಗದ ಕೊಟ್ಟರು, ಇನ್ನೊಂದು ಕೈಗೆ ಲೋಟ. ಲೋಟದ ತಳದಲ್ಲಿ ಏನೋ ಮೆಲ್ಲಗೆ ಸುತ್ತುತ್ತಿತ್ತು. ಎದುರಿಗೆ ಮೊದಲ ಸಾಲಿನಲ್ಲಿ ಅತ್ತೆ ಖಾಲಿ ಕೊಡ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಕಣ್ಣು ಲೋಟದ ಮೇಲಿರಲಿಲ್ಲ, ಸೊಸೆಯ ಮುಖದ ಮೇಲಿತ್ತು. ಇದು ಚರಂಡಿ, ಯಾರೂ ಮುಟ್ಟಬೇಡಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದಳು. ಸಾಹೇಬರು ಅವಳ ಕೈಗೆ ಆಸರೆ ಕೊಟ್ಟು ತೆರೆದ ಬಾಯಿಗೆ ಲೋಟ ಎತ್ತಿದರು.

ಅವಳು ಕುಡಿದಳು. ಪೂರ್ತಿ ಕುಡಿದಳು.

"ಹೇಗಿದೆ?" ಎಂದು ಯಾರೋ ಹಿಂದಿನಿಂದ ಕೂಗಿದರು.

"ಚೆನ್ನಾಗಿದೆ," ಎಂದಳು ನಕ್ಷೆ ಮೇಡಂ.

ಚಪ್ಪಾಳೆ ಬಿತ್ತು. ಅತ್ತೆ ಎದ್ದು ಬಂದು ಕೊಡವನ್ನು ನಲ್ಲಿಯ ಕೆಳಗಿಟ್ಟು, "ಅವಳೇ ಕುಡಿದ ಮೇಲೆ ಇನ್ನೇನು, ನಮ್ಮ ಹುಡುಗಿ ಸುಳ್ಳು ಹೇಳ್ತಾಳಾ?" ಎಂದರು. ಅವರ ಹಿಂದೆ ಓಣಿಯವರೆಲ್ಲ ತಮ್ಮ ತಮ್ಮ ಕೊಡ ತಂದು ಸಾಲಾಗಿ ನಿಂತರು.