ಮೇಕೆಗಳಿಗೆ ನಿಲ್ಲುವ ಪಾಠ

ಬೇಟೆನಾಯಿ ಪಳಗಿಸುವುದರಲ್ಲಿ ನಮ್ಮ ಭಾವನವರನ್ನು ಮೀರಿಸುವವರು ಹನೂರಿನಿಂದ ಮಾದಪ್ಪನ ಬೆಟ್ಟದವರೆಗೆ ಯಾರೂ ಇಲ್ಲ. ಇದುವರೆಗೆ ಅವರ ಕೈಯಲ್ಲಿ ಪಳಗಿರುವುದು ಮನೆಯ ಮೇಕೆಗಳು, ಒಂದು ಎಮ್ಮೆ ಮತ್ತು ನಾನು. ನಾಯಿಯೊಂದು ಬಾಕಿ ಇದೆ.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಕೌದಳ್ಳಿ ಹತ್ತಿರ ಕಾಡಂಚಿನಲ್ಲಿ ನಮ್ಮ ಜೋಳದ ಹೊಲ. ಹಂದಿ ಕಾಟ ಹೆಚ್ಚಾಯಿತೆಂದು ಅವರು ಗಡಿಯಾಚೆ ತಮಿಳು ಸೀಮೆಗೆ ಹೋಗಿ, ಉದ್ದ ಕಾಲಿನ, ದೂರದಿಂದಲೇ ಪಕ್ಕೆಲುಬು ಎಣಿಸಬಹುದಾದ ಒಂದು ಬೇಟೆನಾಯಿ ತಂದರು. ಬೇಟೆ ಆಡುವ ಹಾಗಿಲ್ಲ, ಫಾರೆಸ್ಟಿನವರು ಸುಮ್ಮನೆ ಬಿಡುತ್ತಾರೆಯೇ? ಹಾಗಾದರೆ ಬೇಟೆನಾಯಿ ಏಕೆ?

"ಬೇಟೆಗಲ್ಲ ಕಣಮ್ಮ, ಹೊಲದಿಂದ ಹಂದಿಯ ಆಚ್ಗ ಅಟ್ಟಕ್ಕ" ಎಂದರು ಭಾವ.

"ಹಂದಿ ಯಾವ್ದು, ಮ್ಯಾಕ ಯಾವ್ದು ಅಂತ ಅದ್ಕ ಗೊತ್ತಾದದಾ ಬಾವ?"

"ಹಂದಿಗ ಕೊಂಬಿಲ್ವಲ್ಲ" ಎಂದರು. ನನಗೆ ಅರ್ಥವಾದ ಹಾಗಾಯಿತು. ಒಲೆ ಮುಂದೆ ಕೂತ ಮೇಲೆ ಆಗಿಲ್ಲವೆಂದು ತಿಳಿಯಿತು.

ಆದರೂ ಬೇಡವೆನ್ನಲಿಲ್ಲ. ಅಕ್ಕ, ಎಂದರೆ ಭಾವನ ಹೆಂಡತಿ, ತೀರಿಕೊಂಡ ಮೇಲೆ ಊಟಕ್ಕೆ ಕರೆದಾಗ "ಬತ್ತೀನಿ" ಎನ್ನುವುದೊಂದು ಬಿಟ್ಟರೆ ಮನೆಯಲ್ಲಿ ಅವರ ದನಿಯೇ ಇರಲಿಲ್ಲ. ನಾಯಿ ಬಂದ ದಿನದಿಂದ ನಮಗೆ ಬೆಳಗಾಗುವುದೇ ಅವರ ಮಾತಿನಿಂದ. ನಾಯಿಯೊಡನೆಯೇ ಆಡಲಿ, ಆಡಿದರಲ್ಲ, ಮಾದಪ್ಪನ ದಯೆ ಎಂದು ಸೋಮವಾರದ ದೀಪಕ್ಕೆ ಒಂದು ಚಮಚ ಎಣ್ಣೆ ಹೆಚ್ಚು ಹಾಕಿದೆ.

ನಾಯಿ ಹಂದಿಯನ್ನು ಅಟ್ಟಿತೋ ಇಲ್ಲವೋ ನಾನು ಕಾಣೆ. ಪಕ್ಕದ ಹೊಲದ ರಾಚಮ್ಮನ ಕುರಿಗಳನ್ನು ಅಟ್ಟಿದ್ದನ್ನು ಮಾತ್ರ ಊರೇ ನೋಡಿತು. ಗಬ್ಬದ ಕುರಿಯೊಂದು ಹಳ್ಳಕ್ಕೆ ಬಿದ್ದು ಕುಂಟಿತು. ಪುಣ್ಯಕ್ಕೆ ಮರಿ ಉಳಿಯಿತು. ರಾಚಮ್ಮ ನಮ್ಮ ಜಗುಲಿಗೇ ಬಂದಳು.

"ಅಣ್ಣೋ, ಇನ್ನೊಂದ್ಸಲ ನನ್ ಕುರಿ ಹಿಂದ ಬಂದ್ರ ನಿನ್ ನಾಯಿ ಎಲ್ಲಿಂದ ಬಂತೋ ಅಲ್ಲಿಗೇ ಓಗ್ಬೇಕು. ಒಪ್ತೀಯಾ?"

ತಪ್ಪು ನಮ್ಮದು, ಭಾವ ಒಪ್ಪಿದರು. ಆ ದಿನ ಊಟಕ್ಕೆ ಕರೆದರೆ ಮತ್ತೆ "ಬತ್ತೀನಿ" ಒಂದೇ. ನಾಯಿ ಹೋದರೆ ಈ ಮನುಷ್ಯನ ಮಾತೂ ಅದರ ಹಿಂದೆಯೇ ಹೋಗುತ್ತದಲ್ಲ?

ಮಾರನೆಯ ಬೆಳಗ್ಗೆ ಅವರ ಮುಖ ಬೆಳಗಿತ್ತು. "ತಪ್ಪು ನಾಯಿದಲ್ಲ ಕಣಮ್ಮ. ಓಡದ್ನ ಕಂಡ್ರ ಅಟ್ಟದು ಅದ್ರ ಹುಟ್ಟುಗುಣ. ಓಡದು ಯಾರು? ಕುರಿ, ಮ್ಯಾಕ. ಕಲಿಸ್ಬೇಕಾದ್ದು ಅವ್ಕ."

ಲೋಕವೆಲ್ಲ ನಾಯಿಗೆ ಕಲಿಸುತ್ತದೆ. ನಮ್ಮ ಭಾವ ಮೇಕೆಗಳಿಗೆ ನಿಲ್ಲುವುದನ್ನು ಕಲಿಸಲು ಹೊರಟರು. ನಾಯಿಯನ್ನು ಹಗ್ಗದಲ್ಲಿ ಹಿಡಿದು ಹತ್ತಿರ ತರುವುದು, ಓಡದೆ ನಿಂತ ಮೇಕೆಯ ಬಾಯಿಗೆ ಒಂದು ಹಿಡಿ ಜೋಳ ಹಾಕುವುದು, ಇದೇ ಪಾಠ. ಹಂದಿ ತಿನ್ನದಿರಲೆಂದು ಕಾದ ಜೋಳ ಹೀಗೆ ಖಾಲಿಯಾಗುತ್ತಿದೆಯಲ್ಲ ಎಂದು ಯಜಮಾನರು ಗೊಣಗಿದರೆ, "ಹಂದಿಗಿಂತ ಇವು ಕಮ್ಮಿನೇ ತಿಂತವ ಬುಡು" ಎಂದರು ಭಾವ. ಎಮ್ಮೆ ಮೊದಲ ದಿನವೇ ಪಾಸಾಯಿತು. ಅದು ಹುಟ್ಟಿದಾಗಿನಿಂದ ಯಾವುದಕ್ಕೂ ಓಡಿದ್ದಿಲ್ಲ.

ಆದರೆ ಮೇಕೆ ಸಾಮಾನ್ಯದ ಪ್ರಾಣಿಯೇ? ನಾಯಿ ಬಂದರೆ ಜೋಳ ಬರುತ್ತದೆಂದು ನಾಲ್ಕಾರು ದಿನದಲ್ಲಿ ತಿಳಿದುಕೊಂಡವು. ಆಮೇಲೆ ನಿಲ್ಲುವುದನ್ನು ಬಿಟ್ಟು, ನಾಯಿ ಕಂಡ ಕೂಡಲೇ ಎಲ್ಲವೂ ಅದರ ಕಡೆಗೇ ಓಡತೊಡಗಿದವು. ಅಷ್ಟು ಕೊಂಬುಗಳು ಒಟ್ಟಿಗೆ ನುಗ್ಗುವುದನ್ನು ಕಂಡ ಬೇಟೆನಾಯಿ ಬಾಲ ಮಡಚಿಕೊಂಡು ಬಂದು ನನ್ನ ಸೌದೆ ಒಟ್ಟಿನ ಹಿಂದೆ ಅವಿತುಕೊಂಡಿತು. ಯಾರು ಬೇಟೆ, ಯಾರು ಬೇಟೆಗಾರ ಎಂಬುದು ನನಗೆ ಅಲ್ಲಿಂದಾಚೆಗೆ ತಿಳಿಯಲೇ ಇಲ್ಲ.

ಬೆಟ್ಟಕ್ಕೆ ನಡೆದು ಹೋಗುವವರ ಗುಂಪೊಂದರ ಹಿಂದೆ ಒಮ್ಮೆ ಒಂದು ಬೀದಿನಾಯಿ ಬರುತ್ತಿತ್ತು. ರಸ್ತೆ ಬದಿ ಮೇಯುತ್ತಿದ್ದ ನಮ್ಮ ಮೇಕೆಗಳು ಓಡಿ ಹೋಗಿ ಅದನ್ನು ಸುತ್ತುವರಿದು ಪ್ರೀತಿಯಿಂದ ಮೂತಿ ಮೂಸಿದವು. ಗುಂಪಿನ ಹಿರಿಯರೊಬ್ಬರು ಕಣ್ತುಂಬಿ, "ಮಾದಪ್ಪನ ಸೀಮ ಅಂದ್ರ ಇದು ಕಣ್ರಿ. ನಾಯಿಗೂ ಮ್ಯಾಕಗೂ ಹಗೆ ಇಲ್ಲ" ಎಂದು ಕೈ ಮುಗಿದರು. ಭಾವ ಜೋಳದ ವಿಷಯ ಎತ್ತಲಿಲ್ಲ. ನಾನೂ ಕೈ ಮುಗಿದೆ. ಯಾವುದಕ್ಕೆ ಮುಗಿದೆ ಎಂದು ಕೇಳಿದರೆ ಹೇಳಲಾರೆ.

ಇನ್ನು ನನ್ನ ಸರದಿ. ನಾನು ಮೊದಲಿಂದಲೂ ನಾಯಿ ಕಂಡರೆ ಓಡುವವಳು. "ನೀನ್ ಓಡ್ತೀಯ, ಅದ್ಕೇ ಅಟ್ಟುಸ್ಕಂಡು ಬತ್ತದ. ನಿಂತ್ಕೊ ಕಣಮ್ಮ" ಎಂದರು ಭಾವ. ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಮಾದಪ್ಪನನ್ನು ನೆನೆಯುತ್ತಾ ನಿಂತೆ. ಬಿಸಿಯುಸಿರು ಕಾಲಿಗೆ ತಾಗಿತು, ಸುತ್ತಿತು, ದೂರವಾಯಿತು. "ಭೇಷ್" ಎಂಬ ದನಿ ಕೇಳಿ ಕಣ್ಣು ಬಿಟ್ಟರೆ ನನ್ನ ಅಂಗೈಯಲ್ಲಿ ಒಂದು ಹಿಡಿ ಜೋಳ. ಅವರಿಗೆ ಕೈ ಅಭ್ಯಾಸವಾಗಿಹೋಗಿತ್ತು. ನಾನೇನು ಮಾಡಲಿ? ಒಳಗೆ ಹೋಗಿ ಹುರಿದುಕೊಂಡು ತಿಂದೆ.

ಉಳಿದದ್ದು ರಾಚಮ್ಮನ ಕುರಿಗಳು. ಅವಕ್ಕೂ ಕಲಿಸಿಕೊಡುತ್ತೇನೆಂದು ಭಾವ ಹೇಳಿದರೆ, "ನಾನೇ ಇಸ್ಕೂಲ್ಗ ಓಗ್ನಿಲ್ಲ, ನನ್ ಕುರಿ ಓದವಾ? ನಿನ್ ನಾಯಿಯ ಕಟ್ಟಾಕು ಓಗಣ್ಣ" ಎಂದಳು.

ಕಟ್ಟಿಯೇ ಹಾಕಿದ್ದರು. ಆದರೆ ಒಂದು ಸಂಜೆ ರಾಚಮ್ಮ ಕುರಿ ಹೊಡೆದುಕೊಂಡು ಬರುವ ಹೊತ್ತಿಗೆ ಸರಿಯಾಗಿ ಹಗ್ಗ ಹರಿಯಿತು. ನಾಯಿ ಕಂಡು ಕುರಿಗಳು ಓಡಿದವು. ಕುರಿ ಓಡಿದ್ದು ಕಂಡು ನಾಯಿ ಹೊರಟಿತು. ರಾಚಮ್ಮ ಕೋಲೆತ್ತಿದಳು. "ನಿಂತ್ಕಳಿ, ನಿಂತ್ಕಳಿ" ಎಂದು ಭಾವ ಕೂಗಿದರು. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ, ನಿಂತವಳು ನಾನೊಬ್ಬಳೇ.

ಆಗ ಭಾವ ಪಂಚೆ ಎತ್ತಿ ಕಟ್ಟಿದರು. ಮಂಡಿ ನೋವೆಂದು ಜಗುಲಿ ಇಳಿಯಲೂ ಗೋಡೆ ಹಿಡಿಯುವ ಮನುಷ್ಯ, ನಾಯಿಯ ಮುಂದೆಯೇ ಅಡ್ಡ ಹಾಯ್ದು, ಟವೆಲ್ ಬೀಸುತ್ತಾ, ಕುರಿಗಳು ಹೋದ ದಿಕ್ಕು ಬಿಟ್ಟು ಅದಕ್ಕೆ ಎದುರು ದಿಕ್ಕಿನ ಉತ್ತ ಹೊಲದೊಳಗೆ ಓಡತೊಡಗಿದರು. ಇವರಿಗೇನು ಹುಚ್ಚು ಹಿಡಿಯಿತೇ ಎಂದುಕೊಂಡೆ. ನಾಯಿ ತಬ್ಬಿಬ್ಬಾಗಿ ಕುರಿಗಳನ್ನು ನೋಡಿತು, ಭಾವನನ್ನು ನೋಡಿತು. ಓಡುತ್ತಿರುವವರಲ್ಲಿ ಹತ್ತಿರವಿದ್ದದ್ದು ಭಾವ. ತಿರುಗಿ ಅವರ ಬೆನ್ನು ಹತ್ತಿತು. ಹೆಂಟೆಗೆ ಎಡವಿ ಅವರು ಬೋರಲು ಬಿದ್ದರು. ನಾಯಿ ಬೆನ್ನೇರಿ ನಿಂತು ಅವರ ಕಿವಿ ನೆಕ್ಕಿತು.

ನಾನು ಅಲ್ಲಿಗೆ ಸೇರುವಷ್ಟರಲ್ಲಿ ರಾಚಮ್ಮ ಬಂದಿದ್ದಳು. ಅವಳ ಕೈಯಲ್ಲಿ ಕೋಲಿರಲಿಲ್ಲ. ಭಾವ ಮೇಲೇಳಲಾಗದೆ ನಾಯಿಯ ಕೊರಳು ತಬ್ಬಿಕೊಂಡು ಕೂತಿದ್ದರು. ಏದುಸಿರು ನಿಲ್ಲುತ್ತಿರಲಿಲ್ಲ.

"ಕುರಿ ಮುಟ್ನಿಲ್ಲ ಕಣವ್ವ. ನೀನೇ ನೋಡ್ದಲ್ಲ, ಮುಟ್ನಿಲ್ಲ. ಇದ್ನ ಕಳಿಸ್ಬ್ಯಾಡ."

ರಾಚಮ್ಮ ಕುಕ್ಕರಗಾಲಲ್ಲಿ ಕೂತು, ರಕ್ತ ಬರುತ್ತಿದ್ದ ಅವರ ಮಂಡಿಗೆ ತನ್ನ ಸೆರಗು ಒತ್ತಿ ಹಿಡಿದಳು.

"ನಾಯಿ ಇರ್ಲಿ ಬುಡಣ್ಣ" ಎಂದಳು ಕೊನೆಗೆ. "ನೀನ್ ಇನ್ ಓಡ್ಬ್ಯಾಡ."