ಬಾಲದ ಟೋಪಿಯವನ ತಿಥಿ

ಧನಂಜಯನ ಸಂಸಾರಕ್ಕೆ ಕಲ್ಲು ಹಾಕಿದ್ದು ಹೆಣ್ಣಲ್ಲ, ಹೆಂಡವಲ್ಲ, ಒಂದು ಬಾಲದ ಟೋಪಿ.

ಆ ಟೋಪಿ ಇದ್ದದ್ದು ದೋಹಾದ ಅವನ ಆಫೀಸಿನಲ್ಲಿ, ಮ್ಯಾನೇಜರ್ ಹೆನ್ರಿ ಸಾಹೇಬರ ಕೋಣೆಯ ಗೋಡೆಯ ಮೇಲೆ. ಬರೀ ಟೋಪಿಯಲ್ಲ, ಅದನ್ನು ತೊಟ್ಟ ಒಬ್ಬ ಗಂಡಸಿನ ಪಟ. ರೋಮದ ಟೋಪಿ, ಅದರ ಹಿಂದೆ ಉಂಗುರ ಉಂಗುರವಾಗಿ ಪಟ್ಟೆಯಿರುವ ಬಾಲ, ಕೈಯಲ್ಲಿ ಆಳೆತ್ತರದ ಬಂದೂಕು. ಸಾಹೇಬರು ಅಮೆರಿಕದ ಟೆಕ್ಸಾಸಿನವರು. ಪಟದಲ್ಲಿರುವವನು ಅವರ ಹತ್ತಿರದ ನೆಂಟನೇ ಇರಬೇಕೆಂದು ಇಡೀ ಆಫೀಸು ತೀರ್ಮಾನಿಸಿಬಿಟ್ಟಿತ್ತು. ಕೇಳಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಅದು ತೊಂಬತ್ತಾರನೇ ಇಸವಿಯ ಮಾರ್ಚ್ ಆರು, ಬುಧವಾರ. ಮೈಸೂರಿನ ಧನಂಜಯ ಅಲ್ಲಿ ಸಾಹೇಬರ ಸೆಕ್ರೆಟರಿ. ಬೆಳಿಗ್ಗೆ ಏಳಕ್ಕೇ ಇಸ್ತ್ರಿ ಮಾಡಿದ ಶರಟು ತೊಟ್ಟು, ದೇವರಿಗೆ ಎರಡೆರಡು ಸಲ ಕೈಮುಗಿದು ಬಂದಿದ್ದ. ಕೈಯಲ್ಲಿ ಹೆಂಡತಿಯನ್ನು ಕರೆಸಿಕೊಳ್ಳುವ ಫ್ಯಾಮಿಲಿ ವೀಸಾದ ಫಾರಂ. ಮದುವೆಯಾಗಿ ಮೂರು ವರ್ಷವಾದರೂ ಸಹನಾ ಜೊತೆ ಒಂದೇ ಸೂರಿನಡಿ ಕಳೆದದ್ದು ಎರಡು ರಜೆ ಸೇರಿ ತೊಂಬತ್ತು ದಿನ. ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ಒಂದು ಪುಟ್ಟ ಮನೆ ನೋಡಿಟ್ಟಿದ್ದ. ಮಾಲೀಕ ನಾಳೆಯವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದ. ಸಾಹೇಬರು ಅದೇ ಸಂಜೆ ಎರಡು ತಿಂಗಳ ರಜೆಗೆ ಅಮೆರಿಕಕ್ಕೆ ಹಾರುವವರಿದ್ದರು. ಇವೆಲ್ಲಕ್ಕಿಂತ ಹೆಚ್ಚಾಗಿ, ಸಹನಾ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: "ಬುಧವಾರ ಸಹಿ ಆಗ್ಲಿಲ್ಲ ಅಂದ್ರೆ ಇನ್ನು ಫೋನ್ ಮಾಡ್ಬೇಡಿ. ಸೂಟ್‌ಕೇಸ್ ತುಂಬೋದು, ಬಿಚ್ಚೋದು, ತುಂಬೋದು, ಬಿಚ್ಚೋದು. ಅದರ ಜಿಪ್ಪೇ ಕಿತ್ಕೊಂಡು ಬಂದಿದೆ."

ಧನಂಜಯ ಬಾಗಿಲು ತಟ್ಟಿ ಒಳಗೆ ಹೋದ. ಸಾಹೇಬರು ಕಪ್ಪು ಟೈ ಕಟ್ಟಿಕೊಂಡು ಪಟದ ಎದುರು ತಲೆಬಾಗಿಸಿ ನಿಂತಿದ್ದರು.

"ಡೇವಿ ಸತ್ತದ್ದು ಇವತ್ತಿನ ದಿನವೇ," ಎಂದರು ಇಂಗ್ಲಿಷಿನಲ್ಲಿ, ಗದ್ಗದವಾಗಿ. "ಹೇಗೆ ಸತ್ತನೆಂದು ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿನಗೇನು ಬೇಕಿತ್ತು?"

ಧನಂಜಯ ಫಾರಮ್ಮನ್ನು ಬೆನ್ನ ಹಿಂದೆ ಅಡಗಿಸಿದ. ತಿಥಿಯ ದಿನ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿರುವವರ ಮುಂದೆ, ಹೆಂಡತಿಯನ್ನು ಕರೆಸಿಕೊಂಡು ಮನೆ ಹೂಡುವ ಶುಭಕಾರ್ಯದ ಕಾಗದ ಹಿಡಿಯುವುದೇ? ಕೇಳಿದರೆ ಸಹಿಯಾದೀತು, ಆಮೇಲೆ ಆ ಮನೆಯಲ್ಲಿ ಹಾಲು ಉಕ್ಕೀತೇ? "ಏನಿಲ್ಲ ಸರ್," ಎಂದು ಹಿಂದಡಿ ಇಡುತ್ತಾ ಹೊರಬಂದ. ಅಮೆರಿಕನ್ನರಿಗೆ ತಿಥಿಯೂ ಇಲ್ಲ, ಸೂತಕವೂ ಇಲ್ಲ ಎಂಬ ಸಣ್ಣ ವಿಷಯ ಅವನಿಗೆ ಹೊಳೆಯಲೇ ಇಲ್ಲ.

ಹೊರಗೆ ಟೆಲಿಫೋನ್ ಆಪರೇಟರ್ ಅಪೊಲೋನಿಯಾ ಕಾಯುತ್ತಿದ್ದಳು. ಬಂಟ್ವಾಳದ ಕಡೆಯವಳು. ಸಾಹೇಬರ ಟ್ರಂಕ್ ಕಾಲುಗಳನ್ನು ಜೋಡಿಸುವುದು ಅವಳ ಕೆಲಸ, ಕೇಳಿಸಿಕೊಳ್ಳುವುದು ಹವ್ಯಾಸ.

"ಸಹಿ ಆಯ್ತಾ?"

"ಇಲ್ಲ ಮೇಡಂ. ಅವರ ಮನೇಲಿ ತಿಥಿ ಇವತ್ತು. ಡೇವಿ ಅಂತ ಯಾರೋ ತೀರ್ಕೊಂಡಿದ್ದಾರೆ."

"ಅಯ್ಯೋ ದೇವರೇ, ಅದೇ ಡೇವಿಯಾ? ಬೆಳಿಗ್ಗೆ ಫೋನಲ್ಲಿ ಅವನದ್ದೇ ಮಾತು! ಹೆಣ ಯಾರೂ ಸರಿಯಾಗಿ ನೋಡ್ಲಿಲ್ಲವಂತೆ. ಎಲ್ಲಾ ಸುಟ್ಟುಬಿಟ್ರಂತೆ!"

ಅಷ್ಟು ಸಾಕಾಯಿತು. ಸ್ಟೋರ್ಸಿನ ಝೇವಿಯರ್ ಮತ್ತು ಹಿರಿಯ ಡ್ರಾಫ್ಟ್ಸ್‌ಮನ್ ರಾಮಸ್ವಾಮಿ ಚಹಾದ ಲೋಟದೊಂದಿಗೆ ಪ್ರತ್ಯಕ್ಷರಾದರು.

"ಕ್ರಿಶ್ಚನರನ್ನು ಸುಡುವುದುಂಟಾ ಮಾರಾಯ?" ಎಂದ ಉಡುಪಿ ಕಡೆಯ ಝೇವಿಯರ್, ಕಣ್ಣು ಕಿರಿದುಗೊಳಿಸಿ. "ಇದ್ರಲ್ಲಿ ಎಂತದೋ ಉಂಟು. ಸಾಕ್ಷಿ ಇರ್ಬಾರ್ದು ಅಂತ ಸುಟ್ಟದ್ದು."

"ಕೊನೇವರೆಗೆ ಬೆಟ್ಸಿ ಅವನ ಕೈಯಲ್ಲೇ ಇದ್ಲು ಅಂತ ಕೂಡ ಹೇಳಿದ್ರು," ಎಂದಳು ಅಪೊಲೋನಿಯಾ, ದನಿ ತಗ್ಗಿಸಿ.

"ಎರಡನೇ ಸಂಬಂಧ," ಎಂದು ರಾಮಸ್ವಾಮಿ ತೀರ್ಪು ಕೊಟ್ಟರು. ಅವರು ಬೆಂಗಳೂರಿನ ಬಸವನಗುಡಿಯವರು. ಮೂವತ್ತು ವರ್ಷದಿಂದ ಅಣ್ಣನ ಮೇಲೆ ಪಾಲಿನ ದಾವೆ ನಡೆಸುತ್ತಿದ್ದವರು, ಆದ್ದರಿಂದ ಜಗತ್ತಿನ ಯಾವ ಸಾವನ್ನೂ ಸಹಜವೆಂದು ಒಪ್ಪುತ್ತಿರಲಿಲ್ಲ. "ಆಸ್ತಿ ವಿಷಯ ಕಣ್ರೀ ಇದು. ಈಗ ನೋಡಿ, ಸಾಹೇಬ್ರು ಇವತ್ತೇ ಯಾಕೆ ಹೊರಟಿದ್ದಾರೆ? ಪಾಲು ಬರ್ಕೊಡೋಕೆ. ಇಲ್ಲಾ ಬರೆಸ್ಕೊಳ್ಳೋಕೆ."

ಆ ವಾರ ಆಫೀಸಿನಲ್ಲಿ ಯಾರ ಮೇಲೂ ಯಾರಿಗೂ ನಂಬಿಕೆ ಇರಲಿಲ್ಲ. ಸೌದಿ ಗಡಿಯ ಹತ್ತಿರದ ಮರಳುಗಾಡಿನ ಕ್ಯಾಂಪಿಗೆ ಇಲ್ಲಿಂದ ಒಬ್ಬನನ್ನು ಕಳಿಸಬೇಕೆಂದು ಫ್ಯಾಕ್ಸ್ ಬಂದಿತ್ತು. ಒಬ್ಬ ಸಾಹೇಬರ ಕೋಣೆಗೆ ಹೋದರೆ ಉಳಿದವರೆಲ್ಲ ಬಾಗಿಲಿಗೆ ಕಿವಿ. ಧನಂಜಯನಿಗೆ ಮಾತ್ರ ಆ ಚಿಂತೆ ಇರಲಿಲ್ಲ. ಅವನ ತಲೆಯಲ್ಲಿದ್ದದ್ದು ಒಂದೇ ಸಹಿ.

"ಈಗ ನಾನೇನ್ ಮಾಡ್ಲಿ ಸಾರ್?" ಎಂದ ಅಳುಮುಖ ಮಾಡಿ.

"ಸತ್ತವನಿಗೆ ಮರ್ಯಾದೆ ಸಲ್ಲಿಸ್ರೀ ಮೊದಲು. ಪಟಕ್ಕೊಂದು ಹಾರ, ಎರಡು ಊದುಬತ್ತಿ. ಅವರ ಮನಸ್ಸು ಕರಗತ್ತೆ, ನಿಮ್ಮ ದೋಷಾನೂ ಕಳೆಯತ್ತೆ. ಆಮೇಲೆ ಫಾರಂ ಕೊಡಿ," ಎಂದರು ರಾಮಸ್ವಾಮಿ.

"ಮಲ್ಲಿಗೆ ನಾನು ಕೊಡಿಸ್ತೇನೆ," ಎಂದ ಝೇವಿಯರ್. "ಬೊಂಬಾಯಿ ವಿಮಾನದಲ್ಲಿ ನಮ್ಮ ಶಂಕರಪುರದ ಮಲ್ಲಿಗೆ ಬಂದದ್ದುಂಟು. ಯಲ್ಲಾ, ನಡಿ."

ಮಧ್ಯಾಹ್ನ ಒಂದು ಗಂಟೆಗೆ ಆಫೀಸು ಮುಚ್ಚಿ ಮತ್ತೆ ತೆರೆಯುವುದು ಮೂರಕ್ಕೆ. ಎರಡೂ ಮುಕ್ಕಾಲಿಗೆ ಧನಂಜಯ ಸಾಹೇಬರ ಕುರ್ಚಿಯನ್ನೇ ಏರಿ ಪಟಕ್ಕೆ ಹಾರ ಹಾಕಿದ. ಎರಡು ಊದುಬತ್ತಿ ಸಾಲದೇನೋ ಎಂಬ ಸಂಶಯ ಬಂದು ಇಡೀ ಪೊಟ್ಟಣ ಹಚ್ಚಿದ. ಹೊಗೆ ಬಾಲದ ಟೋಪಿಯನ್ನು ದಾಟಿ ಮೇಲೇರಿತು. ಚಾವಣಿಯಲ್ಲಿದ್ದ ಬೆಂಕಿ ಅಲಾರಮ್ಮಿನ ಬಿಳಿ ಬಟ್ಟಲು ಅದನ್ನು ಮೂಸಿ ನೋಡಿ, ಊರಿಗೇ ಕೇಳಿಸುವಂತೆ ಬೊಬ್ಬೆ ಹೊಡೆಯಿತು.

ಐದೇ ನಿಮಿಷದಲ್ಲಿ, ಊಟದ ಬಿಡುವಿಗೆ ಮನೆಗೆ ಹೋಗದೆ ಒಳಗೇ ಉಳಿದಿದ್ದ ನಾಲ್ಕು ಮಹಡಿಯ ಜನ ಕಾರು ನಿಲ್ಲಿಸುವ ಜಾಗದಲ್ಲಿದ್ದರು. ಸೆಕ್ಯೂರಿಟಿಯ ಉಮರ್ ತಲೆ ಎಣಿಸುತ್ತಿದ್ದ. ಆಗ ತಾನೇ ಬಂದಿಳಿದ ಹೆನ್ರಿ ಸಾಹೇಬರು ಯಾರ ಮಾತೂ ಕೇಳದೆ ಒಳಗೆ ನುಗ್ಗಿ, ಡೇವಿಯ ಪಟವನ್ನು ಎದೆಗವಚಿಕೊಂಡು ಹೊರಬಂದರು. ಪಟದ ಸುತ್ತ ಘಮಘಮ ಮಲ್ಲಿಗೆ.

"ಯಾರು ಇದನ್ನು ಮಾಡಿದ್ದು?"

ಇಪ್ಪತ್ತು ಬೆರಳು ಧನಂಜಯನ ಕಡೆ ತಿರುಗಿದವು. ಎಲ್ಲಕ್ಕಿಂತ ಮೊದಲು ಏರಿದ್ದು ರಾಮಸ್ವಾಮಿಯವರದು. ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಿಟ್ಟೋ ದುಃಖವೋ ತಿಳಿಯಲಿಲ್ಲ. "ನಾಲ್ಕು ಗಂಟೆಯಿಂದ ಒಬ್ಬೊಬ್ಬರಾಗಿ ನನ್ನ ಕೋಣೆಗೆ ಬನ್ನಿ. ಝೇವಿಯರ್, ರಾಮಸ್ವಾಮಿ, ಕೊನೆಗೆ ನೀನು," ಎಂದರು.

ಉಮರ್‌ಗೆ ನಗು ತಡೆಯಲಾಗಲಿಲ್ಲ. ಸುಡಾನಿನವನು, ಊರಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವನು. ತನ್ನ ಅರಬ್ಬಿ ಬೆರೆತ ಹಿಂದಿಯಲ್ಲಿ ಬಿಡಿಸಿ ಹೇಳಿದ: ಡೇವಿ ಕ್ರಾಕೆಟ್ ಸಾಹೇಬರ ನೆಂಟನೂ ಅಲ್ಲ, ಗಿಂಟನೂ ಅಲ್ಲ. ಅಮೆರಿಕದ ಗಡಿನಾಡಿನ ಬೇಟೆಗಾರ, ಪಾರ್ಲಿಮೆಂಟಿಗೂ ಹೋಗಿಬಂದವನು. ಮೆಕ್ಸಿಕೋದ ಸೈನ್ಯ ಅಲಾಮೋ ಎಂಬ ಕೋಟೆಗೆ ಮುತ್ತಿಗೆ ಹಾಕಿದಾಗ ಅಲ್ಲೇ ಸತ್ತ, ಸರಿಯಾಗಿ ನೂರ ಅರವತ್ತು ವರ್ಷದ ಕೆಳಗೆ. ಬೆಟ್ಸಿ ಎಂದರೆ ಅವನ ಬಂದೂಕಿನ ಹೆಸರು. ಹೆಣ ಸುಟ್ಟವರು ಶತ್ರುಗಳು. "ಕೊನೆಯ ಉಸಿರಿನವರೆಗೆ ಬಂದೂಕು ಬೀಸುತ್ತಾ ಸತ್ತನೆಂದು ಕೆಲವರು. ಸೆರೆ ಸಿಕ್ಕಿದ, ಆಮೇಲೆ ಕೊಂದರು ಎಂದು ಕೆಲವರು. ಜಗಳ ಇನ್ನೂ ಖಲಾಸ್ ಆಗಿಲ್ಲ."

"ನೂರ ಅರವತ್ತು ವರ್ಷವಾ!" ಎಂದು ಅಪೊಲೋನಿಯಾ ಎದೆಗೆ ಶಿಲುಬೆ ಗುರುತು ಹಾಕಿಕೊಂಡಳು. ರಾಮಸ್ವಾಮಿ ಮಾತ್ರ ಜಗ್ಗಲಿಲ್ಲ. "ಆದ್ರೂ ಆಸ್ತಿ ಇತ್ತಾ ಅಂತ ವಿಚಾರಿಸ್ಬೇಕು," ಎಂದರು.

ನಾಲ್ಕಕ್ಕೆ ಝೇವಿಯರ್ ಒಳಗೆ ಹೋಗಿ ಎರಡೇ ನಿಮಿಷದಲ್ಲಿ ಹಲ್ಲುಕಿರಿಯುತ್ತಾ ಹೊರಬಂದ.

"ಏನ್ ಕೇಳಿದ್ರು?"

"ಡೇವಿ ಹೇಗೆ ಸತ್ತ ಅಂತ."

"ನೀವೇನಂದ್ರಿ?"

"ಎಂತದೋ ಒಂದು ಹೇಳಿದೆ ಮಾರಾಯ." ಅಷ್ಟು ಹೇಳಿ ಮೆಲ್ಲಗೆ ಜಾರಿಕೊಂಡ. ರಾಮಸ್ವಾಮಿ ಹೋದರು, ಬಂದರು. ಅವರೂ ಮುಗುಳ್ನಕ್ಕು ತಮ್ಮ ಮೇಜಿಗೆ ನಡೆದರು.

ಧನಂಜಯನಿಗೆ ಸಂಶಯ ಕುದಿಯತೊಡಗಿತು. ಇಬ್ಬರೂ ಸರಿಯುತ್ತರ ಹೇಳಿ ಸಾಹೇಬರ ಮನಸ್ಸು ಗೆದ್ದುಬಿಟ್ಟಿದ್ದಾರೆ, ತನಗೆ ಬೇಕೆಂದೇ ಹೇಳುತ್ತಿಲ್ಲ. ಇರಲಿ. ಕಪ್ಪು ಟೈ ಕಟ್ಟಿದವರಿಗೆ, ಬೆಂಕಿಗೆ ಹೆದರದೆ ಪಟ ಎತ್ತಿ ತಂದವರಿಗೆ ಯಾವ ಕತೆ ಪ್ರಿಯವೆಂದು ತಿಳಿಯಲು ಜ್ಯೋತಿಷಿ ಬೇಕೇ? ಅವರಿಗಿಂತ ಒಂದು ಕೈ ಹೆಚ್ಚಾಗಿಯೇ ಹೇಳಿಬಿಡಬೇಕು. ಫಾರಂ ಹಿಡಿದು ಒಳನುಗ್ಗಿದ.

"ಹೇಳು, ಡೇವಿ ಹೇಗೆ ಸತ್ತ?"

"ಹೋರಾಡುತ್ತಾ ಸತ್ತ ಸರ್!" ಧನಂಜಯ ಎದೆಯುಬ್ಬಿಸಿದ. "ಅವನು ಶರಣೆಂದು ಕೈ ಎತ್ತುವವನೇ ಅಲ್ಲ. ಹೆಂಡತಿ ಮಕ್ಕಳನ್ನು ದೂರ ಬಿಟ್ಟು ಗಡಿಗೆ ಒಬ್ಬನೇ ಬಂದವನು ಸರ್! ಗಂಡಸಿಗೆ ಕರ್ತವ್ಯ ಮೊದಲು, ಸಂಸಾರ ಆಮೇಲೆ. ನಾನಾಗಿದ್ದರೂ ಅಲ್ಲೇ ನಿಲ್ಲುತ್ತಿದ್ದೆ."

ಸಾಹೇಬರ ಕಣ್ಣು ತುಂಬಿ ಬಂತು. ಎದ್ದು ಬಂದು ಅವನ ಕೈ ಕುಲುಕಿದರು. "ಝೇವಿಯರನ್ನು ಕೇಳಿದೆ. ಸೆರೆ ಸಿಕ್ಕಿರಬೇಕು, ಮನೆಯಲ್ಲಿ ಹೆಂಡತಿ ಇದ್ದರೆ ಯಾರಾದರೂ ಕೈ ಎತ್ತುತ್ತಾರೆ ಅಂದ. ರಾಮಸ್ವಾಮಿಯೂ ಅದನ್ನೇ ಅಂದ. ಅವರು ಆಫೀಸಿಗೇ ಲಾಯಕ್ಕು. ಗಡಿಗೆ ನಿನ್ನಂಥವನೇ ಬೇಕು."

ಮೇಜಿನ ಮೇಲೆ ಒಂದು ಆರ್ಡರ್ ಸಿದ್ಧವಿತ್ತು. ಹೆಸರಿನ ಜಾಗ ಮಾತ್ರ ಖಾಲಿ. ಸಾಹೇಬರು ಅಲ್ಲಿ ಧನಂಜಯನ ಹೆಸರು ಬರೆದು, ಕೆಳಗೆ ಬೆಳಿಗ್ಗೆಯಿಂದ ಅವನು ಹಂಬಲಿಸುತ್ತಿದ್ದ ಆ ಸಹಿಯನ್ನು ಹಾಕಿದರು. ಸೌದಿ ಗಡಿಯ ಕ್ಯಾಂಪು, ಎರಡು ವರ್ಷ, ಒಂಟಿ ಗಂಡಸರ ವಸತಿ.

"ಸರ್, ಈ ಫಾರಂ..."

"ಓ, ಇದಾ? ಕ್ಯಾಂಪಿನಲ್ಲಿ ಸಂಸಾರಕ್ಕೆ ಅವಕಾಶವಿಲ್ಲ," ಎಂದು ಫಾರಮ್ಮನ್ನು ಮಡಚಿ ಅವನ ಜೇಬಿಗೇ ತುರುಕಿದರು. ಆಮೇಲೆ ಪಟದ ಮೇಲಿದ್ದ ಮಲ್ಲಿಗೆ ಹಾರವನ್ನು ಬಿಚ್ಚಿ, ತುಂಬು ಗೌರವದಿಂದ ಧನಂಜಯನ ಕೊರಳಿಗೆ ಹಾಕಿ, ವಿಮಾನಕ್ಕೆ ಹೊತ್ತಾಯಿತೆಂದು ಹೊರಟೇಹೋದರು.

ಸತ್ತವನ ಹಾರ ತೊಟ್ಟು ಧನಂಜಯ ಹೊರಬಂದಾಗ ಅಪೊಲೋನಿಯಾ ಸ್ವಿಚ್‌ಬೋರ್ಡಿನಿಂದಲೇ ಚಪ್ಪಾಳೆ ತಟ್ಟಿದಳು.

"ಗಾಜಿನಿಂದ ನೋಡಿದೆ! ಸಹಿ, ಹಾರ, ಎಲ್ಲಾ ಆಯ್ತಲ್ಲ? ಪಾಪ, ನಿಮ್ಮ ಹೆಂಡತಿ ಕಾಯುವುದು ಬೇಡ ಅಂತ ನಾನೇ ಮೈಸೂರಿಗೆ ಲೈನ್ ಹಾಕಿ ಹೇಳಿಬಿಟ್ಟೆ. ತಗೊಳ್ಳಿ, ಲೈನಲ್ಲೇ ಇದ್ದಾಳೆ."

ರಿಸೀವರ್ ಕಿವಿಗಿಡುವ ಮೊದಲೇ ಸಹನಾಳ ದನಿ ಕೇಳಿಸಿತು. ಮೂರು ವರ್ಷದಲ್ಲಿ ಅವಳು ಅಷ್ಟು ಸಂತೋಷದಿಂದ ಮಾತಾಡಿದ್ದೇ ಇಲ್ಲ. "ರೀ, ಕೊನೆಗೂ ಸಹಿ ಮಾಡಿಸ್ಕೊಂಡ್ರಂತೆ! ಹೊಸ ಸೂಟ್‌ಕೇಸ್ ತರೋಕೆ ಅಪ್ಪ ಆಗ್ಲೇ ಹೊರಟ್ರು. ಸಾಹೇಬ್ರಿಗೆ ಏನ್ ಹೇಳಿ ಒಪ್ಪಿಸಿದ್ರಿ?"

ಧನಂಜಯ ರಿಸೀವರನ್ನು ಮೆಲ್ಲಗೆ ಅಪೊಲೋನಿಯಾಳ ಮುಂದಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಮೇಲೆತ್ತಿದ.